ಛರ್ರಾ ಎಷ್ಟು ಒಳಗೆ ಕೂತಿದೆ? ಏರ್ ರೈಫಲ್ ಗುರಿ ಕೆಟ್ಟಾಗ ಹುಡುಕುವ ಕ್ರಮ

ಕಲಬುರಗಿಯಲ್ಲಿ ಶರಣಬಸವೇಶ್ವರ ಜಾತ್ರೆ ಮುಗಿದ ಮೇಲೆ ನನ್ನ ರಿಪೇರಿ ಟೇಬಲ್ಲಿಗೆ ಎರಡು ಥರದ ಬಂದೂಕು ಬರುತ್ತವೆ. ಒಂದು, ಪುಗ್ಗಾ (ಬಲೂನು) ಹೊಡೆಯುವ ಅಂಗಡಿಯವರು ಬಿಸಿಲಲ್ಲಿ ದುಡಿಸಿ ತಂದ ಹಳೇ ಏರ್ ಗನ್. ಇನ್ನೊಂದು, ಕಾಲೇಜು ಹುಡುಗರ ಹತ್ತು ಮೀಟರ್ ರೈಫಲ್, ಅಷ್ಟು ದೂರದ ಗುರಿಗೆ ಹೊಡೆಯುವಂಥದು. ಪುಗ್ಗಾದವರ ದೂರು ಒಂದೇ ಮಾತಿನದು: "ಜೋರ್ ಇಲ್ಲರೀ." ಹುಡುಗರದು ಉದ್ದ. ಹತ್ತು ವಿಡಿಯೊ ನೋಡಿಕೊಂಡೇ ಬಂದಿರುತ್ತಾರೆ. "ಸರ, ಪೆಲೆಟ್ ಕೂಡೋ ಆಳ ಹೆಚ್ಚು ಕಮ್ಮಿ ಆಗ್ಲಾಕತ್ತದ. ವರ್ನಿಯರ್ ತಂದೀನಿ, ಅಳದು ಕೊಡ್ರಿ." ಪೆಲೆಟ್ ಅಂದರೆ ಛರ್ರಾ, ಏರ್ ಗನ್ನಿನ ಸೀಸದ ಗುಂಡು; ವರ್ನಿಯರ್ ಅಂದರೆ ಮಿಲಿಮೀಟರಿನ ಭಾಗವನ್ನೂ ಅಳೆಯುವ ಸಾಧನ.

ಈ ಆಳದ ಮಾತು ಹುಟ್ಟಿದ್ದು ಬೇರೆ ಕಡೆ. ಕೆಲವು ದೇಶಗಳಲ್ಲಿ ರೈಫಲ್ ತೋಟಾವನ್ನು ಮನೆಯಲ್ಲೇ ತುಂಬಿಕೊಳ್ಳುತ್ತಾರೆ. ಹಿತ್ತಾಳೆ ಕೋಶದೊಳಗೆ ಗುಂಡು ಎಷ್ಟು ಇಳಿಯಬೇಕು, ನಳಿಕೆಯ ಗಾಡಿಗೆ (ಒಳಗೋಡೆಯಲ್ಲಿ ಕೊರೆದ ಸುರುಳಿ ಗೀರುಗಳಿಗೆ) ಎಷ್ಟು ದೂರ ನಿಲ್ಲಬೇಕು ಎಂದು ಕೂದಲೆಳೆ ಲೆಕ್ಕದಲ್ಲಿ ಅಳೆಯುತ್ತಾರೆ. ನಮ್ಮಲ್ಲಿ ಲೈಸೆನ್ಸ್ ಇಲ್ಲದೆ ತೋಟಾ ತಯಾರಿಸುವುದು 1959ರ ಶಸ್ತ್ರಾಸ್ತ್ರ ಕಾಯ್ದೆಯಡಿ ಅಪರಾಧ. ಹಾಗಾಗಿ ಅದರ ವಿಷಯ ನಾನು ಎತ್ತುವುದಿಲ್ಲ. ಆದರೆ ಅದೇ ಪ್ರಶ್ನೆ 4.5 ಮಿ.ಮೀ. ಛರ್ರಾಕ್ಕೂ ಉಂಟು. ಪ್ರತಿ ಏಟಿಗೂ ಛರ್ರಾ ನಳಿಕೆಯಲ್ಲಿ ಒಂದೇ ಜಾಗದಲ್ಲಿ ಕೂತಿದೆಯೋ ಇಲ್ಲವೋ? ನನ್ನ ಅನುಭವದಲ್ಲಿ ಆಳದ ದೂರು ಹೊತ್ತು ಬಂದ ಬಂದೂಕುಗಳಲ್ಲಿ ಮುಕ್ಕಾಲು ಪಾಲು ಆಳದ ದೋಷದವಲ್ಲ. ಅದಕ್ಕೇ ಇಲ್ಲಿ ಆಳ ಅಳೆಯುವ ಭಾಗ ನಡುವೆ ಬರುತ್ತದೆ, ಮೊದಲಲ್ಲ.

ಬಂದೂಕು ಮುಟ್ಟುವ ಮೊದಲು

ನಳಿಕೆ ಮಡಚುವ ಸ್ಪ್ರಿಂಗ್ ಬಂದೂಕನ್ನು ಪೂರ್ತಿ ಬಗ್ಗಿಸಿದರೆ ಅದು ಕುದುರೆ ಏರಿದ ಹಾಗೆಯೇ, ಅಂದರೆ ಏಟಿಗೆ ಸಿದ್ಧ. ಆ ಹೊತ್ತಿನಲ್ಲಿ ಟ್ರಿಗರ್ ಜಾರಿದರೆ ನಳಿಕೆ ರಪ್ಪನೆ ಮುಚ್ಚಿಕೊಳ್ಳುತ್ತದೆ. ಬ್ರೀಚಿನಲ್ಲಿ, ಅಂದರೆ ಛರ್ರಾ ತುಂಬುವ ನಳಿಕೆಯ ಹಿಂಬಾಯಲ್ಲಿ, ಹೆಬ್ಬೆರಳಿದ್ದರೆ ಉಳಿಯುವುದಿಲ್ಲ. ಛರ್ರಾ ತುಂಬುವಷ್ಟು ಹೊತ್ತೂ ಇನ್ನೊಂದು ಕೈ ನಳಿಕೆಯನ್ನು ಬಿಗಿಯಾಗಿ ಹಿಡಿದಿರಬೇಕು. ಇದನ್ನು ಎಷ್ಟು ಸಲ ಹೇಳಿದರೂ ಕಡಿಮೆ.

ಛರ್ರಾ ಹಾಕದೆ ಸ್ಪ್ರಿಂಗ್ ಬಂದೂಕು ಹೊಡೆಯಬೇಡಿ. ಮುಂದೆ ಗಾಳಿಯ ತಡೆ ಇಲ್ಲದೆ ಪಿಸ್ಟನ್ ನೇರ ಹೋಗಿ ಕಬ್ಬಿಣಕ್ಕೆ ಬಡಿಯುತ್ತದೆ. ಶಹಾಬಾದ್ ಕಲ್ಲಿನ ಗೋಡೆ ಎದುರಿಟ್ಟು ಪರೀಕ್ಷೆ ಮಾಡಬೇಡಿ. ನಮ್ಮ ಕಡೆ ಮನೆ, ಅಂಗಳ, ಕಂಪೌಂಡು ಎಲ್ಲ ಆ ಕಲ್ಲೇ. ಸೀಸ ಅದಕ್ಕೆ ಬಡಿದು ಎತ್ತ ಬೇಕಾದರೂ ಹಾರುತ್ತದೆ. ಒಂದು ಪ್ಲೈವುಡ್ ಪೆಟ್ಟಿಗೆಗೆ ಹಳೇ ಸೀರೆ, ಚಾದರ ಒತ್ತಿ ತುಂಬಿ, ಹಿಂದೆ ದಪ್ಪ ತಗಡು ಕೊಟ್ಟರೆ ಸಾಕು. ಕಣ್ಣಿಗೆ ಕನ್ನಡಕ ಇರಲಿ. ಜಾತ್ರೆಯಲ್ಲಿ ಹುಡುಗರು ಛರ್ರಾಗಳನ್ನು ಬಾಯಲ್ಲಿ ಇಟ್ಟುಕೊಂಡು ಒಂದೊಂದಾಗಿ ತೆಗೆದು ತುಂಬುವುದನ್ನು ನೀವೂ ನೋಡಿರುತ್ತೀರಿ. ಅದು ಸೀಸ, ವಿಷ. ಕೈ ಸಾಬೂನಿನಿಂದ ತೊಳೆಯುವ ತನಕ ಸುಸಲಾ ಮಿರ್ಚಿಗೆ ಕೈ ಹಾಕಬೇಡಿ.

"ಎಲ್ಲೆಲ್ಲೋ ಬೀಳ್ತಾವರೀ, ಲೆಕ್ಕಾನೇ ಇಲ್ಲ"

ಐದು ಏಟು ಐದು ದಿಕ್ಕಿಗೆ ಹೋಗಿದ್ದರೆ ಮೊದಲು ಸ್ಕ್ರೂ ಡ್ರೈವರ್, ಅಲನ್ ಕೀ ತೆಗೆದುಕೊಳ್ಳಿ. ಖರ್ಚಿಲ್ಲದ ಕೆಲಸ. ಕಟ್ಟಿಗೆಯನ್ನು ಕಬ್ಬಿಣಕ್ಕೆ ಹಿಡಿದಿರುವ ಮುಂದಿನ ಎರಡು ಸ್ಕ್ರೂ, ಟ್ರಿಗರ್ ಗಾರ್ಡಿನ ಸ್ಕ್ರೂ, ಗುರಿ ನೋಡುವ ಹಿಂದಿನ ಸೈಟಿನದು, ದುರ್ಬೀನು ಇದ್ದರೆ ಅದರ ಪಟ್ಟಿಯದು. ಸ್ಪ್ರಿಂಗ್ ಬಂದೂಕು ಒಂದೇ ಏಟಿನಲ್ಲಿ ಹಿಂದಕ್ಕೂ ಮುಂದಕ್ಕೂ ಒದೆಯುತ್ತದೆ. ಸ್ಕ್ರೂ ಸಡಿಲಾಗುವುದು ಅದರ ಗುಣ, ತಯಾರಿಸಿದವರ ತಪ್ಪಲ್ಲ. ಬಿಗಿ ಮಾಡುವಾಗ ಕಟ್ಟಿಗೆ ಕಿರ್ ಎನ್ನುವಷ್ಟು ತಿರುಗಿಸಬೇಡಿ.

ಬಿಗಿ ಮಾಡಿದ ಮೇಲೆ ಐದೈದು ಏಟಿನ ಮೂರು ಗ್ರೂಪ್ ತೆಗೆಯಿರಿ. ಮೂರೇ ಏಟು ಹೊಡೆದು "ಸರಿ ಹೋಯ್ತು" ಅನ್ನುವವರು ಮರುದಿನ ಮತ್ತೆ ಬರುತ್ತಾರೆ. ಮೂರು ತೂತು ಆಕಸ್ಮಿಕವಾಗಿಯೂ ಒಂದೆಡೆ ಬೀಳಬಹುದು. ಗ್ರೂಪ್ ಅಳೆಯುವುದು ಹೀಗೆ: ಅತ್ಯಂತ ದೂರ ಇರುವ ಎರಡು ತೂತುಗಳ ಹೊರ ಅಂಚಿನಿಂದ ಹೊರ ಅಂಚಿಗೆ ವರ್ನಿಯರ್ ಹಿಡಿದು, ಬಂದದ್ದರಲ್ಲಿ 4.5 ಕಳೆಯಿರಿ. ಉಳಿದದ್ದು ನಡುವಿನಿಂದ ನಡುವಿಗೆ ಇರುವ ದೂರ.

ಹಿಡಿತವನ್ನೂ ನೋಡಿಕೊಳ್ಳಿ. ಸ್ಪ್ರಿಂಗ್ ಬಂದೂಕನ್ನು ಕಳ್ಳನನ್ನು ಹಿಡಿದ ಹಾಗೆ ಅಮುಕಿ ಹಿಡಿಯಬಾರದು. ಅಂಗೈ ಮೇಲೆ ಸುಮ್ಮನೆ ಮಲಗಬೇಕು, ಪ್ರತಿ ಸಲ ಅದೇ ಜಾಗದಲ್ಲಿ. ಗಟ್ಟಿ ಹಲಗೆ ಮೇಲೆ ನೇರ ಇಟ್ಟರೂ ಏಟು ಬೇರೆ ಕಡೆ ಹೋಗುತ್ತದೆ. ಮಡಚಿದ ಟವೆಲ್ ಇಟ್ಟು ಅದರ ಮೇಲೆ ಕೈ, ಕೈ ಮೇಲೆ ಬಂದೂಕು.

ಸ್ಕ್ರೂ, ಹಿಡಿತ ಎರಡೂ ಸರಿಯಿದ್ದೂ ಚದುರಿದರೆ ಮುಂದಿನ ಭಾಗಕ್ಕೆ ಹೋಗಿ.

"ನಾಲ್ಕು ಛಲೋ, ಐದನೇದು ಓಡಿ ಹೋಗ್ತದ"

ಇದು ಹೆಚ್ಚಾಗಿ ಬಂದೂಕಿನದಲ್ಲ, ಡಬ್ಬಿಯದು. ಛರ್ರಾದ ಹಿಂಭಾಗ ತೆಳುವಾದ ಟೊಳ್ಳು ಸ್ಕರ್ಟು. ಗಾಳಿಯ ಒತ್ತಡಕ್ಕೆ ಅದು ಅಗಲಿಸಿ ನಳಿಕೆಗೆ ಅಂಟಿ ಗಾಳಿ ತಡೆಯುತ್ತದೆ. ಮುಂಭಾಗದ ತಲೆ ಗಾಡಿಯ ಏಣುಗಳ ಮೇಲೆ ಸವಾರಿ ಮಾಡುತ್ತದೆ. ಸೀಸ ಮೆತ್ತಗೆ. ಬೈಕಿನ ಡಿಕ್ಕಿಯಲ್ಲಿ ಡಬ್ಬಿ ಇಟ್ಟುಕೊಂಡು ಯಾದಗಿರಿಯಿಂದ ಬಂದರೆ ಒಂದಷ್ಟು ಸ್ಕರ್ಟು ಸೊಟ್ಟಗಾಗದೆ ಇರುವುದಿಲ್ಲ.

ಒಂದು ತುಂಡು ಗಾಜು ತೆಗೆದುಕೊಳ್ಳಿ, ಕನ್ನಡಿಯಾದರೂ ಸೈ. ಪರಸಿ ಕಲ್ಲಿನ ನೆಲ ಬೇಡ, ಅದು ಎಷ್ಟು ನುಣುಪು ಕಂಡರೂ ಸಮ ಇರುವುದಿಲ್ಲ. ಗಾಜನ್ನು ಒಂದು ಕಡೆ ಪೆನ್ನಿನಷ್ಟು ಎತ್ತರಿಸಿ ಛರ್ರಾ ಉರುಳಿಸಿ. ತಲೆಗಿಂತ ಸ್ಕರ್ಟು ಅಗಲ ಇರುವುದರಿಂದ ಅದು ನೇರ ಹೋಗದೆ ಕಮಾನಾಗಿ ಉರುಳುತ್ತದೆ. ಒಳ್ಳೆಯವೆಲ್ಲ ಒಂದೇ ಕಮಾನು ಬರೆದು ಒಂದೇ ಜಾಗಕ್ಕೆ ಬಂದು ನಿಲ್ಲುತ್ತವೆ. ಸೊಟ್ಟ ಸ್ಕರ್ಟಿನದು ಕುಂಟುತ್ತದೆ, ಟಕಟಕ ಸದ್ದು ಮಾಡುತ್ತದೆ. ಅವನ್ನು ಬೇರೆ ಇಡಿ. ನೂರು ಛರ್ರಾ ನೋಡಲು ಹತ್ತು ನಿಮಿಷ ಸಾಕು.

ಬೆರಳಿಗೆ ತಿಳಿಯುವುದು ಇನ್ನೊಂದು. ಒಂದು ಛರ್ರಾ ಬ್ರೀಚಿನೊಳಗೆ ತಾನೇ ಜಾರಿ ಬಿದ್ದು, ಇನ್ನೊಂದನ್ನು ಒತ್ತಿ ಕೂರಿಸಬೇಕಾದರೆ ಡಬ್ಬಿಯಲ್ಲಿ ಅಳತೆ ಬೆರಕೆ ಇದೆ. ಒಳ್ಳೇ ಡಬ್ಬಿಯ ಮೇಲೆ ತಲೆಯ ಅಳತೆ ಅಚ್ಚಾಗಿರುತ್ತದೆ, 4.49, 4.50, 4.51 ಅಂತ. ನೂರನೇ ಒಂದು ಮಿಲಿಮೀಟರಿಗೆ ಏನಾದೀತು ಎಂದು ನಗಬೇಡಿ. ಸಡಿಲ ತಲೆಯದು ಬೇಕಾದಷ್ಟು ಆಳಕ್ಕೆ ಇಳಿಯುತ್ತದೆ, ಬಿಗಿ ತಲೆಯದು ಹೊರಗೇ ನಿಲ್ಲುತ್ತದೆ. ಆಳದ ದೋಷ ಹುಟ್ಟುವುದೇ ಇಲ್ಲಿ.

ಸಂಶಯ ಇದ್ದರೆ ಖಾಲಿ ನಳಿಕೆಯಲ್ಲಿ ಒಂದು ಛರ್ರಾವನ್ನು ಮರದ ಇಲ್ಲವೆ ಹಿತ್ತಾಳೆ ಕಡ್ಡಿಯಿಂದ ಬ್ರೀಚಿನಿಂದ ಮೂತಿಗೆ ಮೆಲ್ಲಗೆ ತಳ್ಳಿ ಹೊರತೆಗೆಯಿರಿ. ನಳಿಕೆ ಬಿಚ್ಚಲು ಬರುವ ಬಂದೂಕಿನಲ್ಲಿ ಮಾತ್ರ ಇದನ್ನು ಮಾಡಿ. ಭೂತಗನ್ನಡಿಯಲ್ಲಿ ನೋಡಿದರೆ ತಲೆಯ ಸುತ್ತ ಗಾಡಿಯ ಗೀರು ಕಾಣಬೇಕು. ಗೀರು ಸ್ಕರ್ಟಿನ ಮೇಲೆ ಮಾತ್ರ ಇದ್ದು ತಲೆ ನುಣ್ಣಗಿದ್ದರೆ ತಲೆ ಸಣ್ಣದಾಯಿತು, ಬೇರೆ ಅಳತೆಯ ಡಬ್ಬಿ ತನ್ನಿ.

"ಒಂದು ಮ್ಯಾಲ, ಒಂದು ಕೆಳಗ, ಕಂಬ ನಿಂತಂಗ"

ಮೇಲಿಂದ ಕೆಳಕ್ಕೆ ಸಾಲಾಗಿ ಬಿದ್ದರೆ ವೇಗ ಏರುಪೇರಾಗುತ್ತಿದೆ ಎಂದರ್ಥ. ಆಳದ ಮೇಲೆ ಅನುಮಾನ ಪಡಲು ಇದೇ ಸರಿಯಾದ ಲಕ್ಷಣ. ಆದರೂ ವರ್ನಿಯರ್ ತೆಗೆಯುವ ಮೊದಲು ಒಂದು ಲೆಕ್ಕ ಹಾಕಿ.

ಹತ್ತು ಮೀಟರ್ ರೈಫಲ್ಲಿನ 0.53 ಗ್ರಾಂ ಛರ್ರಾ ಸೆಕೆಂಡಿಗೆ 175 ಮೀಟರ್ ವೇಗದಲ್ಲಿ ಹೊರಟಿತೆನ್ನಿ. 10 ಮೀಟರ್ ದಾಟಲು ಅದಕ್ಕೆ 0.057 ಸೆಕೆಂಡು. ಅಷ್ಟರಲ್ಲಿ ಭೂಮಿ ಅದನ್ನು ಸುಮಾರು 16 ಮಿ.ಮೀ. ಕೆಳಗೆ ಎಳೆದಿರುತ್ತದೆ. ವೇಗ 165ಕ್ಕೆ ಇಳಿದರೆ 18 ಮಿ.ಮೀ. ಗಾಳಿಯ ತಡೆ ಬಿಟ್ಟು ಹಾಕಿದ ಲೆಕ್ಕ ಇದು. ಅಂದರೆ ವೇಗದಲ್ಲಿ ಸೆಕೆಂಡಿಗೆ 10 ಮೀಟರಿನಷ್ಟು ದೊಡ್ಡ ವ್ಯತ್ಯಾಸ ಬಂದರೂ ಗುರಿಯಲ್ಲಿ 2 ಮಿ.ಮೀ. ಹೆಚ್ಚು ಕಮ್ಮಿ. ಹತ್ತು ಮೀಟರ್ ಗುರಿಕಾಗದದಲ್ಲಿ ಒಂದು ಉಂಗುರದಿಂದ ಮುಂದಿನದಕ್ಕೆ 2.5 ಮಿ.ಮೀ. ಅಂತರ, ನಡುವಿನ ಹತ್ತರ ಚುಕ್ಕಿ ಬರೀ 0.5 ಮಿ.ಮೀ. ಸ್ಪರ್ಧೆಗೆ ಇಳಿಯುವವರಿಗೆ ಆ 2 ಮಿ.ಮೀ. ದೊಡ್ಡದೇ. ಆದರೆ 10 ಮೀಟರಿನಲ್ಲಿ ನಿಮ್ಮ ಕಂಬ 15 ಮಿ.ಮೀ. ಎತ್ತರ ಇದ್ದರೆ ಛರ್ರಾದ ಆಳವೊಂದೇ ಅದನ್ನು ಮಾಡಲಾರದು. ಉಸಿರಾಟ, ಹಿಡಿತ, ಸಡಿಲ ಸೈಟು, ಸೋರುವ ಬ್ರೀಚು ಇವುಗಳಲ್ಲಿ ಹುಡುಕಿ.

ಇದೇ ಲೆಕ್ಕ 25 ಮೀಟರಿಗೆ ಹಾಕಿದರೆ ವ್ಯತ್ಯಾಸ ಸುಮಾರು 12.5 ಮಿ.ಮೀ. ಆಗುತ್ತದೆ. ಹಾಗಾಗಿ ವೇಗದ ದೋಷ ಹಿಡಿಯಬೇಕಾದರೆ ಸಾಧ್ಯವಿದ್ದಲ್ಲಿ 25 ಮೀಟರಿನಲ್ಲಿ ಹೊಡೆಯಿರಿ. ಊರೊಳಗೆ ಅಷ್ಟು ಸುರಕ್ಷಿತ ಜಾಗ ಎಲ್ಲರಿಗೂ ಸಿಗದು, ನನಗೂ ಬಾಡಿಗೆ ತೊಗರಿ ಗೋದಾಮು ಸಿಕ್ಕ ಮೇಲೆ ಅನುಕೂಲವಾಯಿತು. ವೇಗ ಅಳೆಯುವ ಕ್ರೋನೊಗ್ರಾಫ್ ಯಾರ ಬಳಿಯಾದರೂ ಇದ್ದರೆ ಈ ಗೋಜೇ ಇಲ್ಲ.

ಸೋರಿಕೆ ನೋಡಲು ಟಿಶ್ಯೂ ಪೇಪರಿನ ಬೆರಳಗಲ ಪಟ್ಟಿಯನ್ನು ನಳಿಕೆ ಸೇರುವ ಸಂದಿನ ಮೇಲೆ ಹಗುರಾಗಿ ಹೊದಿಸಿ ಒಂದು ಏಟು ಹೊಡೆಯಿರಿ. ಕಾಗದ ಹಾರಿದರೆ ಅಲ್ಲಿ ಗಾಳಿ ಸೋರುತ್ತಿದೆ. ನಮ್ಮ ಬಿಸಿಲಿಗೆ ಬ್ರೀಚಿನ ಓ-ರಿಂಗ್ (ಗಾಳಿ ತಡೆಯುವ ರಬ್ಬರ್ ಬಳೆ) ಬೇಗ ಒಣಗಿ ಗಟ್ಟಿಯಾಗುತ್ತದೆ, ಉಗುರಿನಿಂದ ಒತ್ತಿದರೆ ತಗ್ಗುವುದಿಲ್ಲ. ಹೊಸದು ಹಾಕಿ, ಅದೇ ಅಳತೆಯದು. ಸೂಜಿಯಿಂದ ಕೀಳುವಾಗ ಅದರ ಮನೆಗೆ ಗೀರು ಬೀಳದಿರಲಿ.

ಈಗ ಆಳ: ಬ್ರೀಚಿನಲ್ಲಿ ವರ್ನಿಯರ್ ಹಾಕಬೇಡಿ

ಇಲ್ಲಿತನಕ ಎಲ್ಲ ಸರಿ ಇದ್ದು ಕಂಬ ಇನ್ನೂ ನಿಂತಿದ್ದರೆ ಆಳಕ್ಕೆ ಬರೋಣ. ಎಲ್ಲರೂ ಮಾಡುವುದೇನೆಂದರೆ ಛರ್ರಾ ಕೂರಿಸಿ, ವರ್ನಿಯರಿನ ಬಾಲದ ಕಡ್ಡಿಯನ್ನು ಬ್ರೀಚಿನಲ್ಲಿ ಇಳಿಸಿ ಓದುವುದು. ಇದರಲ್ಲಿ ಎರಡು ತಪ್ಪು.

ಒಂದು ಅಪಾಯದ್ದು. ಆ ಹೊತ್ತಿಗೆ ಬಂದೂಕು ಏರಿಸಿಕೊಂಡು ಕೂತಿದೆ, ನಿಮ್ಮ ಎರಡೂ ಕೈ ವರ್ನಿಯರ್ ಮೇಲಿವೆ, ನಳಿಕೆ ಹಿಡಿದವರು ಯಾರೂ ಇಲ್ಲ. ಇನ್ನೊಂದು ಲೆಕ್ಕದ್ದು. ಛರ್ರಾದ ಹಿಂಭಾಗ ಟೊಳ್ಳು, ವರ್ನಿಯರಿನ ಕಡ್ಡಿ ಸಣ್ಣದು. ಕಡ್ಡಿ ಸ್ಕರ್ಟಿನ ಅಂಚಿಗೆ ತಾಗದೆ ಟೊಳ್ಳಿನೊಳಗೆ ಹೋಗಿ ನಿಲ್ಲುತ್ತದೆ. ಅಂಚಿಗೆ ತಾಗಿದಾಗ 0.8 ಬಂದರೆ ಒಳಗೆ ಹೋದಾಗ 2, 3 ಹೀಗೆ ಏನೇನೋ ಬರುತ್ತದೆ. ಶಹಾಪುರದ ಒಬ್ಬ ಹುಡುಗ ಒಂದು ನೋಟ್‌ಬುಕ್ ತುಂಬ ಹೀಗೇ ಬರೆದುಕೊಂಡು ಬಂದಿದ್ದ. "ನೋಡ್ರಿ ಕಾಕಾ, ಎಷ್ಟು ಫರಕ್ ಅದ!" ಫರಕ್ ಇದ್ದದ್ದು ಅವನ ಕಡ್ಡಿಯಲ್ಲಿ. ಅವನ ಮುಂದೆಯೇ ಒಂದೇ ಛರ್ರಾವನ್ನು ಟೇಬಲ್ ಮೇಲೆ ಕವುಚಿಟ್ಟು ಐದು ಸಲ ಅಳೆಸಿದೆ. ಐದು ಸಲ ಐದು ಅಂಕಿ ಬಂತು. ಹುಡುಗ ನೋಟ್‌ಬುಕ್ ಮುಚ್ಚಿ ಚೀಲದಲ್ಲಿಟ್ಟ.

ಛರ್ರಾ ಅಳೆಯಬೇಡಿ, ಅದನ್ನು ಕೂರಿಸುವ ಮೊಳೆಯನ್ನು ಅಳೆಯಿರಿ. ಲೇತ್ ಅಂಗಡಿಯಲ್ಲಿ ಹಿತ್ತಾಳೆಯ ತುಂಡು ಕೊಟ್ಟು ಒಂದು ಮೊಳೆ ಮಾಡಿಸಿಕೊಳ್ಳಿ: ಬೆರಳಲ್ಲಿ ಹಿಡಿಯುವಷ್ಟು ದಪ್ಪದ ಹಿಡಿ, ಅದರ ತುದಿಗೆ 4.3 ಮಿ.ಮೀ. ದಪ್ಪದ, ಚಪ್ಪಟೆ ಮುಖದ ಮೂಗು. ಮೂಗಿನ ಉದ್ದ ಎಷ್ಟೋ ಆಳ ಅಷ್ಟೇ, ಏಕೆಂದರೆ ಹಿಡಿಯ ಭುಜ ಬ್ರೀಚಿನ ಮುಖಕ್ಕೆ ಬಂದು ತಡೆಯುತ್ತದೆ. 4.3 ಯಾಕೆಂದರೆ ಅದು ನಳಿಕೆಗೆ ಉಜ್ಜುವುದಿಲ್ಲ, ಟೊಳ್ಳಿನೊಳಗೂ ಜಾರುವುದಿಲ್ಲ, ಸ್ಕರ್ಟಿನ ಅಂಚನ್ನೇ ಒತ್ತುತ್ತದೆ. ನಿಮ್ಮ ಛರ್ರಾದ ಬಾಯಿ ಅದಕ್ಕಿಂತ ಅಗಲ ಇದ್ದರೆ ಮೂಗನ್ನು ಸ್ವಲ್ಪ ದಪ್ಪ ಮಾಡಿಸಿ. ಮೂಗಿನ ಅಂಚನ್ನು ನಯವಾಗಿ ಉಜ್ಜಿಸಲು ಮರೆಯಬೇಡಿ. ನಾನು ನಾಲ್ಕು ಮಾಡಿಸಿದ್ದೇನೆ: 0.5, 1, 1.5, 2. ಉದ್ದವನ್ನು ಟೇಬಲ್ ಮೇಲೆ ನಿಧಾನಕ್ಕೆ, ಬಂದೂಕು ಕಪಾಟಿನಲ್ಲಿರುವಾಗ ಅಳೆದೆ. ಭುಜದ ಮೇಲೆ ವರ್ನಿಯರಿನ ತಳ ಚಪ್ಪಟೆಯಾಗಿ ಕೂತಿರಬೇಕು, ಓರೆಯಾದರೆ ಅಂಕಿ ಕೆಡುತ್ತದೆ. ಡಿಜಿಟಲ್ ವರ್ನಿಯರ್ ಆದರೆ ದವಡೆ ಒರೆಸಿ, ಮುಚ್ಚಿ, ಸೊನ್ನೆ ನೋಡಿ. ಅಂಕಿ ತಾನೇ ಕುಣಿಯುತ್ತಿದ್ದರೆ ಸೆಲ್ ಹೋಗಿದೆ.

ಮೊಳೆ ಇಲ್ಲದವರಿಗೆ ಬಾಲ್‌ಪೆನ್ನಿನ ದುಂಡು ಹಿಂಬದಿ ಇದೆ. ಅದು ಛರ್ರಾವನ್ನು ಬ್ರೀಚಿನ ಮುಖಕ್ಕೆ ಸಮ ಮಾಡುತ್ತದೆ, ಒಳಗೆ ತಳ್ಳುವುದಿಲ್ಲ. ಅಷ್ಟಾದರೂ ಹೆಬ್ಬೆರಳಿಗಿಂತ ಮೇಲು. ಹೆಬ್ಬೆರಳು ಬೆಳಿಗ್ಗೆ ಒಂದು ಥರ ಒತ್ತುತ್ತದೆ, ಐವತ್ತು ಏಟಾದ ಮೇಲೆ ಇನ್ನೊಂದು ಥರ. ಸ್ಕರ್ಟು ಸ್ವಲ್ಪ ಹೊರಗೆ ಉಳಿದರಂತೂ ನಳಿಕೆ ಮುಚ್ಚುವಾಗ ಜಜ್ಜಿ ಹೋಗುತ್ತದೆ. ಬೆರಳಿಂದ ಕೂರಿಸಿ, ಕಣ್ಣಿಗೆ ಸಮ ಕಂಡರೂ ಒಮ್ಮೆ ಉಗುರು ಆಡಿಸಿ ನೋಡಿ. ತಡವಿದರೆ ಹೊರಗಿದೆ.

ಪರೀಕ್ಷೆಯ ದಿನ ಒಂದೇ ಡಬ್ಬಿ, ಗಾಜಿನ ಮೇಲೆ ಆರಿಸಿದ ಛರ್ರಾ, ಬೆಳಿಗ್ಗೆ ಏಳು ಗಂಟೆ. ಮೊದಲು ಹತ್ತು ಏಟು ಸುಮ್ಮನೆ, ನಳಿಕೆ ಹದಕ್ಕೆ ಬರಲಿ. ಆಮೇಲೆ ಸಮ, 0.5, 1, 1.5, ಒಂದೊಂದಕ್ಕೆ ಐದು ಏಟು. ಮುಗಿದ ಮೇಲೆ ತಿರುವುಮುರುವಾಗಿ 1.5ರಿಂದ ಸಮಕ್ಕೆ ಬನ್ನಿ. ಹೋಗುವಾಗಲೂ ಬರುವಾಗಲೂ ಒಂದೇ ಆಳ ಚಿಕ್ಕ ಗ್ರೂಪ್ ಕೊಟ್ಟರೆ ಅದು ನಿಮ್ಮ ಬಂದೂಕಿನ ಆಳ. ಹೋಗುವಾಗ ಒಂದು, ಬರುವಾಗ ಇನ್ನೊಂದು ಬಂದರೆ ನಿಮ್ಮ ಬಂದೂಕಿಗೆ ಆಳದ ಮೇಲೆ ಹಟ ಇಲ್ಲ, ಸಮವಾಗಿ ಕೂರಿಸಿ ಸುಮ್ಮನಿರಿ. ಸ್ನೇಹಿತನ ಬಂದೂಕಿಗೆ 1 ಮಿ.ಮೀ. ಒಗ್ಗಿತೆಂದು ನಿಮ್ಮದಕ್ಕೂ ಒಗ್ಗಬೇಕೆಂದಿಲ್ಲ. ಬ್ರೀಚಿನ ಬಾಯನ್ನು ಎಷ್ಟು ಇಳಿಜಾರು ಕೊರೆದಿದ್ದಾರೆ ಎಂಬುದರ ಮೇಲೆ ಅದು ನಿಂತಿದೆ.

ಗಾಳಿ ತುಂಬಿಸುವ ಪಿಸಿಪಿ ರೈಫಲ್ಲಿನಲ್ಲಿ ಛರ್ರಾ ಕೂರಿಸುವುದು ಬೋಲ್ಟು, ನಿಮ್ಮ ಕೈಯಲ್ಲ. ಅಲ್ಲಿ ನೋಡಬೇಕಾದ್ದು ಬೋಲ್ಟು ಪ್ರತಿ ಸಲ ಅಷ್ಟೇ ತಳ್ಳುತ್ತಿದೆಯೋ ಎಂದು. ತಯಾರಕರು ಹೇಳಿದ ಕ್ರಮದಲ್ಲಿ ಗಾಳಿ ಪೂರ್ತಿ ಖಾಲಿ ಮಾಡಿ, ಮ್ಯಾಗಜಿನ್ ತೆಗೆದಿಡಿ. ಖಾಲಿ ನಳಿಕೆಯಲ್ಲಿ ಬೋಲ್ಟು ಮುಚ್ಚಿ, ಮೂತಿಯಿಂದ 4 ಮಿ.ಮೀ. ಹಿತ್ತಾಳೆ ಕಡ್ಡಿ ಇಳಿಸಿ ಬೋಲ್ಟಿನ ತುದಿಗೆ ತಾಗಿಸಿ, ಮೂತಿಯ ಮಟ್ಟಕ್ಕೆ ಕಡ್ಡಿ ಮೇಲೆ ಟೇಪ್ ಗುರುತು ಹಾಕಿ. ಆಮೇಲೆ ಬೋಲ್ಟಿನಿಂದ ಒಂದು ಛರ್ರಾ ಕೂರಿಸಿ, ಬೋಲ್ಟು ಮುಚ್ಚಿದ್ದಂತೆಯೇ ಕಡ್ಡಿಯನ್ನು ಹಗುರಾಗಿ ಛರ್ರಾದ ತಲೆಗೆ ತಾಗಿಸಿ ಎರಡನೇ ಗುರುತು. ಎರಡು ಗುರುತಿನ ನಡುವೆ ಛರ್ರಾದ ಉದ್ದ ಸಿಗಬೇಕು. ಅದಕ್ಕಿಂತ ಕಡಿಮೆ ಬಂದರೆ ಬೋಲ್ಟಿನ ತುದಿ ಟೊಳ್ಳಿನೊಳಗೆ ಅಷ್ಟು ಹೋಗುತ್ತಿದೆ. ಕೆಲವು ಬಂದೂಕುಗಳನ್ನು ಹಾಗೇ ಮಾಡಿರುತ್ತಾರೆ, ಅದು ದೋಷವಲ್ಲ. ಐದು ಛರ್ರಾಕ್ಕೆ ಐದು ಸಲ ಮಾಡಿ. ಗುರುತುಗಳು ಕಣ್ಣಿಗೆ ಕಾಣುವಷ್ಟು ಹಿಂದೆ ಮುಂದೆ ಆದರೆ ಬೋಲ್ಟು ಸವೆದಿದೆ, ಇಲ್ಲವೆ ಅದರ ಓ-ರಿಂಗ್ ಹೋಗಿದೆ. ಕಡ್ಡಿಯಿಂದ ಹಿಂದಕ್ಕೆ ತಳ್ಳಿ ತೆಗೆದ ಛರ್ರಾದ ಸ್ಕರ್ಟು ನೋಡಿ: ಒಂದೇ ಬದಿಗೆ ಕಚ್ಚಿದ ಗುರುತಿದ್ದರೆ ಅದು ಗಾಳಿ ಬರುವ ರಂಧ್ರದ ಅಂಚಿಗೆ ಸಿಕ್ಕಿದೆ.

"ಎಡಕ್ಕ ಬಲಕ್ಕ ಹೊಂಟಾವ"

ಅಡ್ಡ ಸಾಲಿಗೆ ಆಳ ಕಾರಣವಲ್ಲ. ನಳಿಕೆ ಹಿಡಿದು ಪಕ್ಕಕ್ಕೆ ಅಲುಗಿಸಿ ನೋಡಿ; ಕೀಲಿನಲ್ಲಿ ಆಟ ಇದ್ದರೆ ಕೀಲಿನ ಬೋಲ್ಟು ಬಿಗಿಯಬೇಕು. ಸೈಟು ನೋಡಿ. ಬಂದೂಕು ಓರೆ ಹಿಡಿಯುತ್ತೀರೋ ಎಂದು ಪಕ್ಕದವರನ್ನು ಕೇಳಿ.

ಒಂದು ಬೇಸಿಗೆಯಲ್ಲಿ ಇದೇ ದೋಷಕ್ಕೆ ನಾನು ಒಂದು ವಾರ ಕಳೆದೆ. ಕೀಲು ಬಿಚ್ಚಿದೆ, ಸೈಟು ಬದಲಿಸಿದೆ, ಮೂರು ಡಬ್ಬಿ ಛರ್ರಾ ಖಾಲಿ ಮಾಡಿದೆ. ಬೆಳಿಗ್ಗೆ ಸರಿ, ಹನ್ನೊಂದರ ಮೇಲೆ ಬಲಕ್ಕೆ ಬಲಕ್ಕೆ. ಕಸ ಹೊಡೆಯಲು ಬಂದ ಅಜ್ಜಿ ಹೇಳಿದಳು, "ತಮ್ಮಾ, ಕೂಲರ್ ಹಚ್ಚಿದ್ರ ನಿನ್ನ ಕಾಗದ ನೋಡು ಹ್ಯಾಂಗ ಹಾರ್ತದ." ಕೂಲರ್ ಲೇನಿಗೆ ಅಡ್ಡವಾಗಿ ಊದುತ್ತಿತ್ತು. ಅರ್ಧ ಗ್ರಾಂ ಛರ್ರಾಕ್ಕೆ ಅಷ್ಟು ಗಾಳಿ ಸಾಕು, ತೂಗಾಡುವ ಕಾಗದಕ್ಕೂ ಸಾಕು. ಅದನ್ನು ನನ್ನ ಬೆನ್ನ ಹಿಂದೆ ಇಟ್ಟ ಮೇಲೆ ದೋಷ ಹೋಯಿತು.

"ಮುಂಜಾನಿ ಒಂದು ಕಡಿ, ಮಧ್ಯಾಹ್ನ ಒಂದು ಕಡಿ"

ಗ್ರೂಪ್ ಚಿಕ್ಕದೇ ಇದೆ, ಆದರೆ ಇಡೀ ಗ್ರೂಪ್ ಸರಿದಿದೆ ಎಂದರೆ ಬಿಸಿಲು. ಏಪ್ರಿಲ್, ಮೇ ತಿಂಗಳಲ್ಲಿ ಕಲಬುರಗಿ 42 ಡಿಗ್ರಿ ದಾಟುವುದು ಹೊಸದೇನಲ್ಲ. ತಗಡಿನ ಮಾಳಿಗೆ ಕೆಳಗೆ ಇನ್ನೂ ಹೆಚ್ಚು. ಸ್ಪ್ರಿಂಗಿನ ಗ್ರೀಸು ತೆಳ್ಳಗಾಗುತ್ತದೆ, ಪಿಸ್ಟನ್ ಓಟ ಬದಲಾಗುತ್ತದೆ. ಪಿಸಿಪಿ ಸಿಲಿಂಡರಿನಲ್ಲಿ 27 ಡಿಗ್ರಿಯಲ್ಲಿ 200 ಬಾರ್ ಇದ್ದದ್ದು 42 ಡಿಗ್ರಿಗೆ ಸುಮಾರು 210 ಆಗುತ್ತದೆ. ತುಂಬಿಸಿದ ಸಿಲಿಂಡರನ್ನು ನಿಲ್ಲಿಸಿದ ಕಾರಿನಲ್ಲಿ ಬಿಡಬೇಡಿ. ದೋಷ ಅಂತ ಬಿಚ್ಚುವುದೇನೂ ಇಲ್ಲ. ಮುಂಜಾನೆಗೊಂದು, ಮಧ್ಯಾಹ್ನಕ್ಕೊಂದು, ಸೈಟಿನ ಎರಡು ಓದು ಬರೆದಿಟ್ಟುಕೊಳ್ಳಿ.

ಢಂ ಎಂಬ ಸದ್ದು, ಹೊಗೆ, ಸುಟ್ಟ ವಾಸನೆ

ಏಟಿನ ಸದ್ದು ಒಮ್ಮೆಲೇ ಪಟಾಕಿಯಂತಾಗಿ ಮೂತಿಯಿಂದ ಹೊಗೆ ಬಂದರೆ ಒಳಗೆ ಎಣ್ಣೆ ಉರಿಯುತ್ತಿದೆ. ಪಿಸ್ಟನ್ ಗಾಳಿ ಒತ್ತಿದಾಗ ಅದು ಡೀಸೆಲ್ ಇಂಜಿನ್ನಿನಂತೆ ಕಾದು ಎಣ್ಣೆ ಹೊತ್ತಿಕೊಳ್ಳುತ್ತದೆ. ಹೊಸ ಬಂದೂಕಿನಲ್ಲಿ ಮೊದಲ ಕೆಲವು ಏಟಿಗೆ ಸಣ್ಣ ಹೊಗೆ ಮಾಮೂಲು. ಆದರೆ ಪುಗ್ಗಾದವರು ಜೋರು ಬರಲೆಂದು ಕೊಬ್ಬರಿ ಎಣ್ಣೆ, ಹೊಲಿಗೆ ಮಷಿನ್ ಎಣ್ಣೆ ಹನಿಸುತ್ತಾರೆ. ಆ ಹೊತ್ತಿಗೆ ಜೋರು ಬರುತ್ತದೆ, ವಾಷರು ಸುಡುತ್ತದೆ, ಸ್ಪ್ರಿಂಗು ಮುರಿಯುತ್ತದೆ. ಎರಡು ಮೂರು ಏಟಿಗಿಂತ ಹೆಚ್ಚು ಸಲ ಪಟಾಕಿ ಸದ್ದು ಬಂದರೆ ಅಲ್ಲಿಗೆ ನಿಲ್ಲಿಸಿ. ಬಿಚ್ಚಿ ಒರೆಸುವುದು ತಿಳಿದವರ ಕೆಲಸ.

ತೂತು ದುಂಡಗಿಲ್ಲ, ಅಡ್ಡ ಸೀಳಿದ ಹಾಗಿದೆ

ಛರ್ರಾ ಪಲ್ಟಿ ಹೊಡೆಯುತ್ತಿದೆ. ತೀರಾ ಸಡಿಲ ಛರ್ರಾ, ನಳಿಕೆಯಲ್ಲಿ ಕಟ್ಟಿದ ಸೀಸ, ಇಲ್ಲವೆ ಮೂತಿಯ ಅಂಚಿಗೆ ಪೆಟ್ಟು. ತುಂಬಿಲ್ಲವೆಂದು ಖಾತ್ರಿ ಮಾಡಿಕೊಂಡು, ಮೂತಿಯ ಒಳ ಅಂಚಿನ ಸುತ್ತ ಕಿವಿಗೆ ಹಾಕುವ ಹತ್ತಿ ಕಡ್ಡಿ ತಿರುಗಿಸಿ. ಎಳೆ ಸಿಕ್ಕಿಕೊಂಡಲ್ಲಿ ಮುಳ್ಳು ಎದ್ದಿದೆ. ಸೀಸಕ್ಕೆ ಬಟ್ಟೆ ತುಂಡನ್ನು ಬ್ರೀಚಿನಿಂದ ಮೂತಿಗೆ ಎಳೆಯಿರಿ, ಬಟ್ಟೆ ಬೆಳ್ಳಗೆ ಬರುವ ತನಕ. ಮುಳ್ಳನ್ನು ನೀವೇ ಅರದಿಂದ ಉಜ್ಜಬೇಡಿ, ಒಂದು ಬದಿ ಹೆಚ್ಚು ಸವೆದರೆ ನಳಿಕೆಯೇ ಹೋಯಿತು.

"ಜೋರ್ ಇಲ್ಲರೀ": ಇಲ್ಲಿ ಕೈ ಬಿಡಿ

ಬಗ್ಗಿಸುವಾಗ ಕರಕರ ಸದ್ದು, ಕೈಗೆ ತಡೆ ತಡೆದು ಬಿಟ್ಟಂತೆ ಅನ್ನಿಸಿದರೆ ಸ್ಪ್ರಿಂಗ್ ಮುರಿದಿದೆ. ಸದ್ದಿಲ್ಲ, ಜೋರು ಮಾತ್ರ ದಿನ ದಿನಕ್ಕೆ ಇಳಿದಿದೆ ಎಂದರೆ ಪಿಸ್ಟನ್ ವಾಷರ್. ಹಳೇ ಬಂದೂಕಿನದು ಚರ್ಮದ್ದು, ಒಣಗಿ ಕುಗ್ಗಿರುತ್ತದೆ. ಎರಡಕ್ಕೂ ಬಂದೂಕು ಬಿಚ್ಚಬೇಕು. ಒಳಗಿನ ಸ್ಪ್ರಿಂಗ್ ಕುದುರೆ ಏರಿಸದ ಸ್ಥಿತಿಯಲ್ಲೂ ಒತ್ತಿಕೊಂಡೇ ಇರುತ್ತದೆ. ಹಿಂದಿನ ಪಿನ್ನು ತೆಗೆದರೆ ಮುಖಕ್ಕೆ ಹಾರುತ್ತದೆ. ಒತ್ತಿ ಹಿಡಿಯುವ ಕ್ಲಾಂಪು ಇಲ್ಲದೆ ಯಾರೂ ಮುಟ್ಟಬಾರದು. ಪಿಸಿಪಿಯಲ್ಲಿ ಗಾಳಿ ಇರುವಾಗ ಯಾವ ಸ್ಕ್ರೂವನ್ನೂ ತಿರುಗಿಸಬಾರದು. ಟ್ರಿಗರ್ ಮುಟ್ಟದೆ ಏಟು ಹೋಯಿತೆಂದರೆ ಅದು ಒಂದೇ ಸಲ ಆದರೂ ಆ ಬಂದೂಕು ಕಪಾಟಿಗೆ.

ಜೋರು ಬೇಕೆಂದು ದೊಡ್ಡ ಸ್ಪ್ರಿಂಗ್ ಹಾಕಿಸುವ ಆಸೆಯೂ ಬೇಡ. 2016ರ ಶಸ್ತ್ರಾಸ್ತ್ರ ನಿಯಮಗಳಲ್ಲಿ 4.5 ಮಿ.ಮೀ. ನಳಿಕೆಯ, 20 ಜೌಲ್ ಒಳಗಿನ ಏರ್ ಗನ್ನಿಗೆ ಲೈಸೆನ್ಸ್ ಬೇಡ. ಅದನ್ನು ದಾಟಿಸಿದರೆ ಕಥೆ ಬೇರೆ. 0.53 ಗ್ರಾಂ, 175 ಮೀಟರ್ ವೇಗ ಎಂದರೆ ಸುಮಾರು 8 ಜೌಲ್. ಗುರಿಕಾಗದಕ್ಕೆ ಅಷ್ಟು ಧಾರಾಳ.

ರಿಪೇರಿಗೆ ಕೊಡುವಾಗ ಬಂದೂಕನ್ನು ಖಾಲಿ ಮಾಡಿ, ಬಟ್ಟೆ ಸುತ್ತಿ, ಖರೀದಿ ಬಿಲ್ಲು ಜೊತೆಗಿಟ್ಟು ತನ್ನಿ. ಕೊನೆಗೆ ಹೊಡೆದ ಗುರಿಕಾಗದಗಳನ್ನೂ, ಆ ಛರ್ರಾದ ಡಬ್ಬಿಯನ್ನೂ ತನ್ನಿ. ಕಾಗದ ಇಲ್ಲದೆ ಬಂದವರಿಗೆ ನಾನು ಮೊದಲು ಹದಿನೈದು ಏಟು ಹೊಡೆಸಿ, ಆಮೇಲೆ ಕನ್ನಡಕ ಹಾಕಿಕೊಳ್ಳುತ್ತೇನೆ.